ಎರಡು ನಿಮಿಷ ಮುಂದೆ

ಏಳು ನಲವತ್ತಕ್ಕೆ ಹೊರಡಬೇಕಾಗಿದ್ದ ಕೆಂಪು ಬಸ್ಸು ಏಳು ಮೂವತ್ತೆಂಟಕ್ಕೇ ಹೊರಟುಬಿಟ್ಟಿತು. ರಸ್ತೆ ದಾಟಲು ಸಿಗ್ನಲ್ ಬಳಿ ಕಾಯುತ್ತಿದ್ದ ಹನ್ನೊಂದು ಜನ ಅದರ ಬೆನ್ನು ನೋಡುತ್ತ ಉಳಿದರು. ಒಬ್ಬ ಕೈ ಬೀಸಿದ, ಇನ್ನೊಬ್ಬ ಬೈದ. ನಿಲ್ದಾಣದ ಕಂಬಕ್ಕೆ ಒರಗಿ ನೋಟ್‌ಬುಕ್ ಹಿಡಿದು ನಿಂತಿದ್ದ ಹೆಂಗಸು ಮಾತ್ರ ಬಸ್ಸನ್ನೂ ನೋಡಲಿಲ್ಲ, ಜನರನ್ನೂ ನೋಡಲಿಲ್ಲ. ಅವಳ ಕಣ್ಣು ತನ್ನ ಫೋನಿನ ಗಡಿಯಾರದ ಮೇಲೇ ಇತ್ತು.

ನೀಲಿ ಬಸ್ಸುಗಳ ವೇಳಾಪಟ್ಟಿ ಬರೆಯುವುದು ಅವಳ ಕೆಲಸ. ಹತ್ತೊಂಬತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದಳು. ಡ್ರೈವರುಗಳು ಅವಳಿಗೆ ಗಡಿಯಾರದಮ್ಮ ಎಂದು ಹೆಸರಿಟ್ಟಿದ್ದರು, ಎದುರಿಗೂ ಹಾಗೇ ಕರೆಯುತ್ತಿದ್ದರು.

ಕಾಲುವೆಯ ಈಚೆಗಿನ ಬಡಾವಣೆಗಳಿಗೆ ನೀಲಿ ಬಸ್ಸು, ಆಚೆಗಿನವಕ್ಕೆ ಕೆಂಪು ಬಸ್ಸು. ಎರಡೂ ಬೇರೆ ಬೇರೆ ಸಂಸ್ಥೆಗಳವು. ಮೂವತ್ತು ವರ್ಷದಿಂದ ಎರಡೂ ಸೇತುವೆಯವರೆಗೆ ಬಂದು, ಮಾತು ಬಿಟ್ಟ ದಾಯಾದಿಗಳ ಹಾಗೆ ಮುಖ ತಿರುಗಿಸಿ ಹೋಗುತ್ತಿದ್ದವು. ಆಚೆ ಹೋಗುವವರು ಎರಡು ಟಿಕೆಟ್ ಕೊಳ್ಳಬೇಕು, ಅರ್ಧ ಗಂಟೆ ನಿಲ್ಲಬೇಕು. ಈಗ ಕೊನೆಗೂ ಎರಡು ಕಡೆಯ ದೊಡ್ಡವರು ಕೂತು ಒಪ್ಪಂದ ಮಾಡಿಕೊಂಡಿದ್ದರು. ಟಿಕೆಟ್ ಒಂದೇ, ಬಸ್ಸು ಎರಡು. ನೀಲಿ ಬಂದು ನಿಂತ ನಾಲ್ಕು ನಿಮಿಷಕ್ಕೆ ಕೆಂಪು ಹೊರಡಬೇಕು. ಎರಡು ವಾರದ ಪ್ರಯೋಗ. ನೂರರಲ್ಲಿ ತೊಂಬತ್ತು ಸಲ ಬಸ್ಸಿಗೆ ಬಸ್ಸು ಸಿಕ್ಕರೆ ಮುಂದುವರಿಸುವುದು, ಇಲ್ಲವಾದರೆ ಮತ್ತೆ ಹಳೆಯ ಕಥೆಯೇ. ಅಂದು ಗುರುವಾರ. ಪರಿಶೀಲನಾ ಸಭೆ ಮರುದಿನ ಹನ್ನೊಂದು ಗಂಟೆಗೆ. ಇಲ್ಲಿಯವರೆಗೆ ನೂರಕ್ಕೆ ಎಪ್ಪತ್ತೊಂದು ಸಲ ಮಾತ್ರ ಬಸ್ಸು ಸಿಕ್ಕಿತ್ತು.

"ನೀವೇನಾ ಈ ಟೈಮ್ ಬರೆಯೋರು?"

ಕೇಳಿದವಳು ಆಚೆಯ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುವವಳು. ಸಿಗ್ನಲ್‌ನಿಂದ ಓಡಿ ಬಂದು ಏದುಸಿರು ಬಿಡುತ್ತಿದ್ದಳು.

"ಹೌದು."

"ಒಂದು ವಾರದಲ್ಲಿ ಮೂರು ದಿನ ನನಗೆ ಅರ್ಧ ದಿನದ ಸಂಬಳ ಹೋಯ್ತು. ಮೊದಲಾದ್ರೆ ಐದೂವರೆಗೆ ಮನೆ ಬಿಟ್ಟು ಹೇಗೋ ಮುಟ್ಕೊಳ್ತಿದ್ದೆ. ನಿಮ್ಮ ಕಾಗದ ನಂಬಿ ಒಂದು ಗಂಟೆ ಜಾಸ್ತಿ ಮಲಗಿದೆ ನೋಡಿ, ಅದೇ ತಪ್ಪಾಯ್ತು."

ಗಡಿಯಾರದಮ್ಮ ನೋಟ್‌ಬುಕ್ಕಿನಲ್ಲಿ 'ಮೂರು ದಿನ' ಎಂದು ಬರೆದುಕೊಂಡಳು. ಮುಂದಿನ ಕೆಂಪು ಬಸ್ಸು ಬಂದಾಗ ಅದನ್ನು ಹತ್ತಿ ಕಂಡಕ್ಟರನ್ನು ಕೇಳಿದಳು: "ಟೈಮೆಷ್ಟು?"

ಅವನು ಕೈಯಲ್ಲಿದ್ದ ಟಿಕೆಟ್ ಮೆಷಿನ್ ನೋಡಿ ಹೇಳಿದ. "ಏಳು ಐವತ್ತನಾಲ್ಕು."

ಅವಳ ಫೋನಿನಲ್ಲಿ ಏಳು ಐವತ್ತೆರಡು.

ಅದರ ಹಿಂದಿನ ಬಸ್ಸಿನಲ್ಲಿ ಕೇಳಿದಳು. ಅದರ ಹಿಂದಿನದರಲ್ಲೂ ಕೇಳಿದಳು. ಹತ್ತು ಗಂಟೆಯೊಳಗೆ ಒಂಬತ್ತು ಮೆಷಿನ್ ನೋಡಿದಳು. ಒಂಬತ್ತೂ ಸರಿಯಾಗಿ ಎರಡು ನಿಮಿಷ ಮುಂದಿದ್ದವು. ಕೆಟ್ಟ ಗಡಿಯಾರಗಳು ಒಂದೊಂದು ಒಂದೊಂದು ಥರ ಕೆಡುತ್ತವೆ. ಇವೆಲ್ಲ ಒಂದೇ ಥರ ಇವೆ ಎಂದರೆ ಯಾರೋ ಬೇಕೆಂದೇ ಹೀಗೆ ಇಟ್ಟಿದ್ದಾರೆ. ಯಾರು ಎಂಬುದೂ ಅವಳಿಗೆ ಹೊಳೆಯಿತು. ಕೆಂಪು ಬಸ್ಸುಗಳ ನಿಯಂತ್ರಣ ಕೊಠಡಿ ಅವಳ ಭಾವನ ಕೈಯಲ್ಲಿತ್ತು.

ಭಾವ ಎಂದರೆ ಅವಳ ಅಕ್ಕನ ಗಂಡ. ಡ್ರೈವರನಾಗಿ ಸೇರಿ ಮೇಲೆ ಬಂದವನು. ಮೂರು ವರ್ಷದಿಂದ ಅವನು ಅವಳೊಂದಿಗೆ ಸರಿಯಾಗಿ ಮಾತಾಡಿರಲಿಲ್ಲ. ಅದಕ್ಕೆ ಕಾರಣವೂ ಒಂದು ಬಸ್ ನಿಲ್ದಾಣವೇ. ಆಗ ನೀಲಿ ಸಂಸ್ಥೆ ತನ್ನ ಜಾಗದಲ್ಲಿ ಕೆಂಪು ಬಸ್ಸು ನಿಲ್ಲಬಾರದೆಂದು ತೀರ್ಮಾನಿಸಿತ್ತು. ಆದೇಶದ ಕರಡು ಬರೆದವಳು ಇವಳೇ. ಅದು ಜಾರಿಗೆ ಬರುವ ಹಿಂದಿನ ದಿನ ಅಕ್ಕನ ಮನೆಯಲ್ಲಿ ಭಾವನ ಪಕ್ಕದಲ್ಲೇ ಕೂತು ಉಂಡು ಬಂದಿದ್ದಳು. ಕಚೇರಿಯ ಗುಟ್ಟೆಂದು ತುಟಿ ಬಿಚ್ಚಿರಲಿಲ್ಲ. ಮರುದಿನ ಬೆಳಿಗ್ಗೆ ಭಾವನ ಇಪ್ಪತ್ತು ಬಸ್ಸುಗಳು ನಿಲ್ಲಲು ಜಾಗವಿಲ್ಲದೆ ದಾರಿಯಲ್ಲಿ ಸಿಕ್ಕಿಬಿದ್ದವು. ತನ್ನ ಮೇಲಿನವರ ಮುಂದೆ ಅವನು ತಲೆ ತಗ್ಗಿಸಿ ನಿಲ್ಲಬೇಕಾಯಿತು. ಅಂದಿನಿಂದ ಅವಳನ್ನು 'ಮೇಡಂ' ಎನ್ನುತ್ತಿದ್ದ, 'ನೀವು' ಎನ್ನುತ್ತಿದ್ದ. ಅವನು ಬೈದಿದ್ದರೂ ಅವಳಿಗೆ ಇಷ್ಟು ನೋವಾಗುತ್ತಿರಲಿಲ್ಲ.

ತನ್ನ ಕಚೇರಿಗೆ ಹೋಗಿ ಮೇಲಧಿಕಾರಿ ಸಾಹೇಬರ ಮುಂದೆ ನೋಟ್‌ಬುಕ್ ಇಟ್ಟಳು. ಅವರು ಎರಡು ಸಲ ಓದಿದರು. ಆಮೇಲೆ ಬಾಗಿಲು ಮುಚ್ಚಿ ಬಂದರು.

"ಯಾರಿಗಾದ್ರೂ ಹೇಳಿದ್ದೀಯಾ?"

"ಇಲ್ಲ ಸರ್. ಈಗಲೇ ಆಚೆ ಫೋನ್ ಮಾಡಿದ್ರೆ ಸಂಜೆ ಒಳಗೆ ಸರಿಯಾಗುತ್ತೆ."

"ಮಾಡಬೇಡ. ನಾಳೆ ಸಭೇಲಿ ಎಲ್ಲರ ಮುಂದೆ ತೆಗೀತೀನಿ. ಟಿಕೆಟ್ ಹಣದಲ್ಲಿ ಅರ್ಧ ಬೇಕು ಅಂತ ಕುಣೀತಿದ್ದಾರಲ್ಲ, ತಪ್ಪು ಅವರದ್ದೇ ಅಂತಾದ್ರೆ ಮೂರರಲ್ಲಿ ಒಂದು ಪಾಲಿಗೂ ಒಪ್ಕೊಳ್ತಾರೆ. ಅಲ್ಲೀವರೆಗೆ ಬಾಯಿಗೆ ಬೀಗ. ಇದು ನನ್ನ ಆದೇಶ, ಗೊತ್ತಾಯ್ತಾ?"

"ಇವತ್ತು ಸಂಜೆ, ನಾಳೆ ಬೆಳಿಗ್ಗೆ ಬಸ್ಸು ತಪ್ಪಿಸ್ಕೊಳ್ಳೋರು?"

"ಒಂದು ದಿನ ತಾನೇ."

ಸಂಜೆ ಅಕ್ಕನ ಫೋನು ಬಂತು. ಗಂಡ ಮಾತಾಡದಿದ್ದರೂ ಅಕ್ಕ ವಾರಕ್ಕೊಮ್ಮೆ ಫೋನ್ ಮಾಡುವುದನ್ನು ಬಿಟ್ಟಿರಲಿಲ್ಲ. ಅಂದು ಅವಳ ದನಿಯಲ್ಲೇ ನಗು ತುಂಬಿತ್ತು. "ಮುಂದಿನ ತಿಂಗಳು ಇವರನ್ನ ಡಿಪೋ ಮುಖ್ಯಸ್ಥರನ್ನಾಗಿ ಮಾಡ್ತಾರಂತೆ ಕಣೇ. ಇನ್ನೂ ಯಾರಿಗೂ ಹೇಳಬೇಡ. ಆರು ವರ್ಷದಿಂದ ಸಮಯಪಾಲನೆಯಲ್ಲಿ ಇವರದ್ದೇ ಮೊದಲ ಸ್ಥಾನ ಅಲ್ವಾ, ಅದಕ್ಕೆ."

"ಒಳ್ಳೇದಾಯ್ತಲ್ಲ ಅಕ್ಕ," ಎಂದಳು ಗಡಿಯಾರದಮ್ಮ. ಹಾಲು ಉಕ್ಕುತ್ತಿದೆ ಎಂದು ಸುಳ್ಳು ಹೇಳಿ ಫೋನಿಟ್ಟಳು.

ಮರುದಿನ ಬೆಳಿಗ್ಗೆ ಎಂಟಕ್ಕೆ ಅವಳು ಸೇತುವೆ ದಾಟಿದಳು. ಸಾಹೇಬರ ಮಾತು ಮೀರುವುದೆಂದು ಮೊದಲೇ ಗಟ್ಟಿ ಮನಸ್ಸು ಮಾಡಿ ಹೊರಟಿರಲಿಲ್ಲ. ಸೇತುವೆಯ ಈಚೆ ಇಳಿದು ಮತ್ತೊಂದು ಸಲ ಗಡಿಯಾರ ನೋಡಿ ಹಿಂತಿರುಗುವುದೆಂದುಕೊಂಡಿದ್ದಳು. ಆದರೆ ಅಂದೂ ಏಳು ನಲವತ್ತರ ಬಸ್ಸು ಏಳು ಮೂವತ್ತೆಂಟಕ್ಕೆ ಹೋಯಿತು, ಅಂದೂ ಜನ ಉಳಿದರು. ಅವರಲ್ಲಿ ಊರುಗೋಲು ಹಿಡಿದ ಒಬ್ಬ ಮುದುಕ ಸಿಗ್ನಲ್ ಕಂಬ ಹಿಡಿದು ರಸ್ತೆಯ ಅಂಚಿನಲ್ಲೇ ಕೂತುಬಿಟ್ಟ. ಅದನ್ನು ನೋಡಿದ ಮೇಲೆ ಅವಳ ಕಾಲು ಹಿಂದಕ್ಕೆ ತಿರುಗಲಿಲ್ಲ.

ಕೆಂಪು ಡಿಪೋದ ನಿಯಂತ್ರಣ ಕೊಠಡಿ ಮಹಡಿಯ ಮೇಲಿತ್ತು. ಗೋಡೆಯ ತುಂಬ ಕೀಲಿ ಗೊಂಚಲುಗಳು, ಮೇಜಿನ ಮೇಲೆ ವೈರ್‌ಲೆಸ್, ಕಿಟಕಿಯ ಕೆಳಗೆ ಸಾಲಾಗಿ ಚಾರ್ಜಿಗಿಟ್ಟ ಟಿಕೆಟ್ ಮೆಷಿನ್‌ಗಳು. ಭಾವ ತಲೆಯೆತ್ತಿ ನೋಡಿದ.

"ಏನು ಮೇಡಂ, ಸಭೆ ಹನ್ನೊಂದಕ್ಕಲ್ವಾ?"

"ಭಾವ, ನಿಮ್ಮ ಮೆಷಿನ್‌ಗಳು ಎರಡು ನಿಮಿಷ ಮುಂದಿವೆ."

ಅವನ ಕೈಯಲ್ಲಿದ್ದ ಪೆನ್ನು ನಿಂತಿತು. ಪಕ್ಕದಲ್ಲಿದ್ದ ಸಹಾಯಕನನ್ನು ಟೀ ತರಲು ಕಳಿಸಿದ. ಬಾಗಿಲು ಮುಚ್ಚಿದ ಮೇಲೆ ಕೇಳಿದ.

"ಯಾರು ಹೇಳಿದ್ದು?"

"ನಾನೇ ನೋಡಿದೆ. ಸಾಹೇಬರು ಸಭೇಲಿ ತೆಗೀತಾರೆ. ನಿಮಗೆ ಹೇಳಬಾರದು ಅಂತ ಆದೇಶ ಇದೆ."

ಅವನು ಕುರ್ಚಿ ಹಿಂದೆ ತಳ್ಳಿ ಎದ್ದ. "ಆರು ವರ್ಷದ ಹಿಂದೆ ಇಟ್ಟೆ. ಡ್ರೈವರುಗಳಿಗೆ ಹೊರಡೋ ಹೊತ್ತಲ್ಲಿ ಟೀ, ಹೊರಡೋ ಹೊತ್ತಲ್ಲಿ ಹರಟೆ. ಒಂದು ಬಸ್ಸೂ ಸಮಯಕ್ಕೆ ಬಿಡ್ತಿರಲಿಲ್ಲ. ಎರಡು ನಿಮಿಷ ಮುಂದೆ ಇಟ್ಟೆ, ಎಲ್ಲಾ ಸರಿಹೋಯ್ತು. ಯಾರಿಗೂ ತೊಂದರೆ ಇರಲಿಲ್ಲ. ನಮ್ಮ ಬಸ್ಸು ನಮ್ಮ ಬಸ್ಸಿಗೇ ಕಾಯುತ್ತಿತ್ತು."

"ಈಗ ನಮ್ಮ ನೀಲಿ ಬಸ್ಸಿಗೂ ಕಾಯಬೇಕು."

"ಗೊತ್ತು." ಅವನ ದನಿ ಒಮ್ಮೆಲೇ ಏರಿತು. "ಇದನ್ನ ಹೇಳೋಕೆ ಬಂದೆಯಾ ನೀನು? ಮೂರು ವರ್ಷದ ಹಿಂದೆ ನನ್ನ ಪಕ್ಕದಲ್ಲಿ ಕೂತು ಉಂಡೆಯಲ್ಲ, ಅವತ್ತು ಹೇಳೋಕೆ ಬಾಯಿ ಬಿದ್ದು ಹೋಗಿತ್ತಾ?"

ಅವನು 'ನೀನು' ಎಂದದ್ದು ಅವಳಿಗೆ ಕೇಳಿಸಿತು. ಬಹುಶಃ ಅವನಿಗೆ ಕೇಳಿಸಿರಲಿಲ್ಲ.

"ಅವತ್ತು ಹೇಳಬೇಕಿತ್ತು," ಎಂದಳು. "ಅದಕ್ಕೇ ಇವತ್ತು ಬಂದೆ."

"ಬಂದು ಏನು ಉಪಕಾರ ಮಾಡಿದೆ? ಒಪ್ಕೊಂಡ್ರೆ ಆರು ವರ್ಷದ ಹೆಸರು ಮಣ್ಣಾಗುತ್ತೆ. ಸುಮ್ಮನಿದ್ರೆ ನಿಮ್ಮ ಸಾಹೇಬ ಮಣ್ಣು ಮಾಡ್ತಾನೆ. ಹೋಗು ಈಗ. ನಿನ್ನನ್ನ ಇಲ್ಲಿ ಯಾರಾದ್ರೂ ನೋಡಿದ್ರೆ ನಿನ್ನ ಕೆಲಸಕ್ಕೂ ಕುತ್ತು."

ಅವಳು ಮೆಟ್ಟಿಲಿಳಿದಳು. ಅವನೇನು ಮಾಡುತ್ತಾನೆಂದು ತಿಳಿಯಲಿಲ್ಲ. ಕೇಳುವ ಧೈರ್ಯವೂ ಬಂದಿರಲಿಲ್ಲ.

ಸಭೆ ನಡೆದದ್ದು ಕೆಂಪು ಡಿಪೋದ ಕೆಳಗಿನ ಕೋಣೆಯಲ್ಲಿ. ಮೇಜಿನ ಒಂದು ಬದಿಗೆ ಸಾಹೇಬರು ಮತ್ತು ಅವಳು; ಎದುರಿಗೆ ಕೆಂಪು ಸಂಸ್ಥೆಯ ಮುಖ್ಯಸ್ಥೆ, ಪಕ್ಕದಲ್ಲಿ ಭಾವ. ಮುಖ್ಯಸ್ಥೆ ಕಡಿಮೆ ಮಾತಿನ ಹೆಂಗಸು. ಎಪ್ಪತ್ತೊಂದು ಎಂಬ ಅಂಕಿಯನ್ನು ಓದಿ, "ಪ್ರಯೋಗ ಬಿದ್ದುಹೋಯ್ತು ಅಂತ ಬರ್ಕೊಳ್ಳೋಣವಾ?" ಎಂದಳು.

ಸಾಹೇಬರು ಇದಕ್ಕೇ ಕಾದಿದ್ದರು. ಗಂಟಲು ಸರಿಮಾಡಿಕೊಂಡು ಎಲ್ಲವನ್ನೂ ಹೇಳಿದರು: ಒಂಬತ್ತು ಬಸ್ಸು, ಒಂಬತ್ತು ಮೆಷಿನ್, ಎರಡು ನಿಮಿಷ. ಕೊನೆಗೆ ನೋಟ್‌ಬುಕ್ಕನ್ನು ಮೇಜಿನ ನಡುವಿಗೆ ತಳ್ಳಿದರು.

ಮುಖ್ಯಸ್ಥೆ ಅದನ್ನು ಮುಟ್ಟಲಿಲ್ಲ. ಕಿಟಕಿಯಿಂದ ಅಂಗಳದಲ್ಲಿದ್ದ ಕಂಡಕ್ಟರನ್ನು ಕರೆದಳು. ಅವನು ಮೆಷಿನ್ ತಂದು ಮೇಜಿನ ಮೇಲಿಟ್ಟ. ಹನ್ನೊಂದು ಇಪ್ಪತ್ತಮೂರು. ಮುಖ್ಯಸ್ಥೆ ತನ್ನ ಫೋನನ್ನು ಅದರ ಪಕ್ಕದಲ್ಲಿಟ್ಟಳು. ಹನ್ನೊಂದು ಇಪ್ಪತ್ತಮೂರು. ಇನ್ನೊಂದು ಬಸ್ಸಿನ ಮೆಷಿನ್ ತರಿಸಿದಳು. ಅದರಲ್ಲೂ ಅದೇ.

ಸಾಹೇಬರ ಕಿವಿ ಕೆಂಪಾದವು. ಅವರು ನಿಧಾನವಾಗಿ ಗಡಿಯಾರದಮ್ಮನ ಕಡೆ ತಿರುಗಿದರು.

"ಏನಿದು?"

ಗಡಿಯಾರದಮ್ಮ ನೋಟ್‌ಬುಕ್ಕನ್ನು ತನ್ನತ್ತ ಎಳೆದುಕೊಂಡಳು. ಬೆಳಿಗ್ಗೆ ತಾನು ಇಲ್ಲಿಗೆ ಬಂದಿದ್ದೆ ಎಂದರೆ ತನ್ನ ಕೆಲಸ ಹೋಗುತ್ತದೆ, ಭಾವನ ಮಾನವೂ ಹೋಗುತ್ತದೆ. ಸುಮ್ಮನಿದ್ದರೆ ಸುಳ್ಳು ಬರೆದವಳಾಗುತ್ತಾಳೆ. ಅದಕ್ಕಿಂತ ಹೆಚ್ಚಾಗಿ ಒಂದು ಅನುಮಾನ ಅವಳನ್ನು ಕಾಡುತ್ತಿತ್ತು: ತಾನು ಹೋಗಿ ಹೇಳಿದ್ದರಿಂದ ಅವನಿಗೆ ತಪ್ಪು ಮುಚ್ಚಿಹಾಕಲು ಎರಡೂವರೆ ಗಂಟೆ ಸಿಕ್ಕಂತಾಯಿತೇ? ಭಾವನ ಕಡೆ ನೋಡಿದಳು. ಅವನು ಮೆಷಿನ್‌ಗಳನ್ನು ನೋಡುತ್ತಿದ್ದ.

"ಬೇರೆಯವರ ಮೇಲೆ ಹೊರಿಸೋ ಮೊದಲು ನಿಮ್ಮವರ ನೋಟ್‌ಬುಕ್ ನೋಡ್ಕೊಳ್ಳಿ," ಎಂದಳು ಮುಖ್ಯಸ್ಥೆ. ಕಡತ ಮುಚ್ಚಲು ಕೈ ಹಾಕಿದಳು.

"ನೋಟ್‌ಬುಕ್ ಸರಿಯಾಗೇ ಇದೆ," ಎಂದ ಭಾವ.

ಎಲ್ಲರೂ ತಿರುಗಿದರು.

"ಆರು ವರ್ಷದಿಂದ ಗಡಿಯಾರ ಎರಡು ನಿಮಿಷ ಮುಂದಿತ್ತು. ಇಟ್ಟವನು ನಾನು, ಬೇರೆ ಯಾರಿಗೂ ಗೊತ್ತಿರಲಿಲ್ಲ. ಇವತ್ತು ಎಂಟೂ ಮುಕ್ಕಾಲಿಗೆ ಸರಿ ಮಾಡಿದೆ. ದಾರೀಲಿರೋ ಬಸ್ಸುಗಳಿಗೆ ವೈರ್‌ಲೆಸ್‌ನಲ್ಲಿ ಹೇಳಿ ಬದಲಾಯಿಸಿದೆ."

ಮುಖ್ಯಸ್ಥೆ ಕನ್ನಡಕ ತೆಗೆದಳು. "ಸಭೆಗೆ ಮೊದಲು ಯಾಕೆ ಮುಟ್ಟಿದ್ರಿ? ನನಗೆ ಮೊದಲು ಹೇಳಬೇಕು ಅಂತ ಅನ್ನಿಸಲಿಲ್ವಾ?"

"ನೀವು ಬರೋದು ಹತ್ತಕ್ಕೆ. ಒಂಬತ್ತಕ್ಕೆ ಸೇತುವೆ ಹತ್ರ ಬಸ್ಸಿಗೆ ಬಸ್ಸು ಸಿಗಬೇಕಿತ್ತು. ಜನ ಕಾಯ್ತಾ ಇರ್ತಾರೆ." ಕಿಸೆಯಿಂದ ಮಡಚಿದ ಹಾಳೆ ತೆಗೆದು ಮುಂದಿಟ್ಟ. "ಒಂಬತ್ತರಿಂದ ಹನ್ನೊಂದರವರೆಗೆ ಏಳು ಜೋಡಿ ಬಸ್ಸು. ಏಳಕ್ಕೆ ಏಳೂ ಸಿಕ್ಕಿವೆ."

"ನಿಮಗೆ ಹೇಳಿದ್ದು ಯಾರು?"

ಅವನು ಹಾಳೆಯನ್ನು ಮುಖ್ಯಸ್ಥೆಯ ಹತ್ತಿರಕ್ಕೆ ಇನ್ನಷ್ಟು ಸರಿಸಿದ. ಅವನು ಹೇಳುವುದಿಲ್ಲ ಎಂದು ಗಡಿಯಾರದಮ್ಮನಿಗೆ ಅರ್ಥವಾಯಿತು. ಅಷ್ಟು ಅರ್ಥವಾದ ಮೇಲೆ ಸುಮ್ಮನೆ ಕೂರಲು ಆಗಲಿಲ್ಲ.

"ನಾನು," ಎಂದಳು. "ಬೆಳಿಗ್ಗೆ ಎಂಟೂವರೆಗೆ. ಸಾಹೇಬರು ಬೇಡ ಅಂದಿದ್ದರು."

ಸಾಹೇಬರು ಅವಳನ್ನು ನೋಡಿದ ರೀತಿಗೆ ಅವಳು ಕಣ್ಣು ತಗ್ಗಿಸಲಿಲ್ಲ.

ಮುಖ್ಯಸ್ಥೆ ಬಹಳ ಹೊತ್ತು ಆ ಹಾಳೆ ಓದಿದಳು. ಏಳೇ ಸಾಲಿನ ಹಾಳೆ. "ಇನ್ನೊಂದು ತಿಂಗಳು ಪ್ರಯೋಗ ಮುಂದುವರಿಸೋಣ," ಎಂದಳು ಕೊನೆಗೆ. "ಟಿಕೆಟ್ ಪಾಲಿನ ಮಾತು ಆಮೇಲೆ. ಮಿಕ್ಕದ್ದನ್ನು ನಾವು ನಮ್ಮ ನಮ್ಮ ಕಚೇರಿಯಲ್ಲಿ ನೋಡ್ಕೊಳ್ಳೋಣ."

ನೋಡಿಕೊಂಡರು. ಡಿಪೋ ಮುಖ್ಯಸ್ಥನ ಹುದ್ದೆ ಭಾವನಿಗೆ ಬರಲಿಲ್ಲ. ನಿಯಂತ್ರಣ ಕೊಠಡಿಯೂ ಕೈತಪ್ಪಿತು. ಗಡಿಯಾರದಮ್ಮನಿಗೆ ಎಚ್ಚರಿಕೆಯ ಪತ್ರ ಬಂತು, ಒಂದು ವರ್ಷ ಸಂಬಳ ಏರದು ಎಂದಿತು. ಅಕ್ಕ ಫೋನ್ ಮಾಡಿ ಅಳಲಿಲ್ಲ, ಬೈಯಲೂ ಇಲ್ಲ. "ನೀನು ಹೋಗಿ ಹೇಳದೇ ಇದ್ದಿದ್ರೆ ಇನ್ನೂ ಕೆಟ್ಟದಾಗ್ತಿತ್ತಂತೆ, ಇವರೇ ಹೇಳಿದ್ರು. ನನಗೆ ಮಾತ್ರ ಇನ್ನೂ ಹೊಟ್ಟೆಗೆ ಹಾಕ್ಕೊಳ್ಳೋಕೆ ಆಗ್ತಿಲ್ಲ ಕಣೇ. ಸ್ವಲ್ಪ ದಿನ ಬಿಡು," ಎಂದಳು. ಗಡಿಯಾರದಮ್ಮ ಬಿಟ್ಟಳು. ಆ ದಿನಗಳು ಅವಳಿಗೆ ಭಾರವಾಗಿದ್ದವು.

ತಿಂಗಳ ಕೊನೆಗೆ ಅಂಕಿ ತೊಂಬತ್ತನಾಲ್ಕು ಮುಟ್ಟಿತು. ಸೇತುವೆಯ ಬಳಿ ಒಂದು ಸಣ್ಣ ಕೋಣೆ ತೆರೆದು, ಎರಡು ಕಡೆಯಿಂದಲೂ ಒಬ್ಬೊಬ್ಬರನ್ನು ಕೂರಿಸುವುದೆಂದು ಆಯಿತು. ಯಾವ ಕಚೇರಿಗೂ ಬೇಡವಾದ ಇಬ್ಬರು ಕೈಗೆ ಸಿಕ್ಕಿದ್ದರಿಂದ ಆಯ್ಕೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಮೊದಲ ದಿನ ಒಂದೇ ಮೇಜಿನ ಎರಡು ಬದಿಗೆ ಕೂತು ಇಬ್ಬರೂ ಭಾನುವಾರದ ಬಸ್ಸುಗಳ ಬಗ್ಗೆ ಜಗಳವಾಡಿದರು. ಅವಳಿಗೆ ಇಪ್ಪತ್ತು ನಿಮಿಷಕ್ಕೊಂದು ಬೇಕು, ಅವನಿಗೆ ನಲವತ್ತು ಸಾಕು. ಅದು ಮುಗಿಯುವ ಮೊದಲೇ ಕಂಡಕ್ಟರ್ ಹೆಂಗಸೊಬ್ಬಳು ಬಾಗಿಲಲ್ಲಿ ತಲೆ ಹಾಕಿದಳು.

"ಸರ್, ನೀಲಿ ಬಸ್ಸಲ್ಲಿ ಮಕ್ಕಳಿಗೆ ಐದು ವರ್ಷ ತುಂಬಿದ ಮೇಲೆ ಟಿಕೆಟ್ಟು, ನಮ್ಮಲ್ಲಿ ಮೂರು ತುಂಬಿದ್ರೇ. ಬಸ್ಸಲ್ಲಿ ನಾಲ್ಕು ವರ್ಷದ ಹುಡುಗೀನ ಕರ್ಕೊಂಡು ಒಬ್ಬ ತಾಯಿ ಕೂತಿದ್ದಾಳೆ. ಸೇತುವೆ ದಾಟಿದ ಕೂಡಲೇ ನನ್ನ ಮಗಳು ದೊಡ್ಡವಳಾಗಿಬಿಡ್ತಾಳಾ ಅಂತ ಕೇಳ್ತಾ ಇದ್ದಾಳೆ. ಏನು ಹೇಳಲಿ?"

ಇಬ್ಬರೂ ಒಪ್ಪಂದದ ಪುಟ ತಿರುವಿದರು. ನಲವತ್ತೆರಡು ಪುಟ ಇತ್ತು. ಮಕ್ಕಳ ಮಾತೇ ಇರಲಿಲ್ಲ.

"ಬಸ್ಸು ಹೊರಡೋಕೆ ಎಷ್ಟು ಹೊತ್ತಿದೆ?" ಎಂದು ಕೇಳಿದ ಭಾವ.

"ಮೂರು ನಿಮಿಷ."

"ಇವತ್ತಿಗೆ ಹಾಗೇ ಕರ್ಕೊಂಡು ಹೋಗು," ಎಂದ ಅವನು. ಗಡಿಯಾರದಮ್ಮ ಆಗಲೇ ಹೊಸ ಹಾಳೆಯ ಮೇಲೆ 'ಮಕ್ಕಳು' ಎಂದು ಬರೆದು ಕೆಳಗೆ ಗೆರೆ ಎಳೆಯುತ್ತಿದ್ದಳು.