ಬತ್ತಿಸಿದ ಹಾಲು

ಮಂಗಳಾ ನೇಪಾಳ ಪ್ರವಾಸದ ಮೂರನೆಯ ಹಾಳೆಯ ಮೇಲೆ ಬೆರಳಿಟ್ಟು ಕೂತುಬಿಟ್ಟಳು. ಗೋಪಿನಾಥ್ ಮೊದಲ ಎರಡನ್ನು ಮತ್ತೆ ಅವಳತ್ತ ಸರಿಸಿದ. ಒಂದರಲ್ಲಿ ಎಂಟು ದಿನ, ಹಿಮದ ಬೆಟ್ಟವನ್ನು ದೂರದಿಂದ ನೋಡಿ ಫೋಟೋ ತೆಗೆಸಿಕೊಂಡು ಬರುವುದು. ಇನ್ನೊಂದರಲ್ಲಿ ಹತ್ತು ದಿನ, ಒಂದು ಕೆರೆಯವರೆಗೆ. ಮೂರನೆಯದು ಹದಿನಾಲ್ಕು ದಿನದ್ದು. ಹನ್ನೊಂದನೆಯ ದಿನ ಐದು ಸಾವಿರದ ನೂರು ಮೀಟರ್ ಎತ್ತರಕ್ಕೆ ಹತ್ತಿ, ಬೆಟ್ಟದ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ದಾಟಬೇಕು. ಆ ದಾರಿಗೆ ಟ್ರೆಕ್ಕಿಂಗಿನವರು ಪಾಸ್ ಅನ್ನುತ್ತಾರೆ.

"ಅಕ್ಕಾ, ಮೊದ್ಲನೇ ಸಲಕ್ಕೆ ಯಾರೂ ಇದಕ್ಕೆ ಹೋಗಲ್ಲ. ನೇಪಾಳ ಅಂದ್ರೆ ನಮ್ ರಾಯಕೋಟೆ ಬೆಟ್ಟ ಅಲ್ಲ. ಕೆರೆ ನೋಡ್ಕೊಂಡ್ ಬನ್ನಿ, ಚೆನ್ನಾಗೈತೆ."

"ಕೆರೆ ನಮ್ಮೂರಲ್ಲೂ ಐತೆ," ಎಂದಳು ಮಂಗಳಾ. "ನಂಗೆ ವೆಂಕಿ ಇರೋ ಜಾಗ ಬೇಕು."

ಗೋಪಿನಾಥ್ ತಾನು ಸರಿಸಿದ್ದ ಎರಡು ಹಾಳೆಗಳನ್ನು ವಾಪಸ್ಸು ಎಳೆದುಕೊಂಡ. ಹೊಸೂರಿನ ಬಾಗಲೂರು ರಸ್ತೆಯಲ್ಲಿ, ಮೊಬೈಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವನ ಟ್ರೆಕ್ಕಿಂಗ್ ಆಫೀಸು. ಅದನ್ನು ತೆರೆಯುವ ಮೊದಲು ಅವನೂ ಫ್ಯಾಕ್ಟರಿಯವನೇ. ಮಂಗಳಾಳ ತಮ್ಮ ವೆಂಕಿಯ ಪಕ್ಕದ ಮೆಷಿನ್ನಿನಲ್ಲಿ ಆರು ವರ್ಷ ನಿಂತು ಕೆಲಸ ಮಾಡಿದ್ದ. ಎರಡು ವರ್ಷದ ಹಿಂದೆ ವೆಂಕಿ ಬೇರೆ ಯಾವುದೋ ಕಂಪನಿಯ ಗುಂಪಿನೊಂದಿಗೆ ಇದೇ ಪಾಸ್ ಹತ್ತಲು ಹೋಗಿ, ಇನ್ನು ಎರಡು ಗಂಟೆಯ ದಾರಿ ಇದೆ ಎನ್ನುವಾಗ ಮೇಲಿನಿಂದ ಜಾರಿ ಬಂದ ಹಿಮದ ರಾಶಿಯಲ್ಲಿ ಹೂತುಹೋಗಿದ್ದ. ಒಂಬತ್ತು ದಿನ ಹುಡುಕಿದರು. ಕೂಲಿಯಾಳು ಹೊತ್ತು ಮುಂದೆ ಹೋಗಿದ್ದ ಅವನ ಬ್ಯಾಗು ಊರಿಗೆ ಬಂತು, ಅವನು ಬರಲಿಲ್ಲ.

ಹೊಸೂರಿನಲ್ಲಿ ಇಂಥ ಆಫೀಸುಗಳು ಇನ್ನೂ ಇದ್ದವು, ಬೆಂಗಳೂರಿನಲ್ಲಂತೂ ಬೀದಿಗೊಂದು. ಮಂಗಳಾ ಗೋಪಿನಾಥನನ್ನೇ ಹುಡುಕಿಕೊಂಡು ಬಂದದ್ದಕ್ಕೆ ಕಾರಣ ಒಂದೇ. ಅವತ್ತು ವೆಂಕಿಯ ಜೊತೆಗಿದ್ದ ಗೈಡ್ ಮಿಂಗ್ಮಾ ಈಗ ಇವನ ಗುಂಪುಗಳನ್ನು ಕರೆದೊಯ್ಯುತ್ತಿದ್ದ. ಜಾಗ ತೋರಿಸಬಲ್ಲವನು ಅವಳಿಗೆ ಗೊತ್ತಿದ್ದಂತೆ ಅವನೊಬ್ಬನೇ.

"ಮೂರು ತಿಂಗಳು ಟೈಮ್ ಕೊಡ್ತೀನಿ," ಎಂದ ಗೋಪಿನಾಥ್ ಕೊನೆಗೆ. "ಎಂಟು ಕೇಜಿ ಬ್ಯಾಗ್ ಹೊತ್ಕೊಂಡು ರಾಯಕೋಟೆ ಬೆಟ್ಟ ಒಂದೇ ದಿನ ಎರಡು ಸಲ ಹತ್ತಿ ಇಳೀಬೇಕು. ಡಾಕ್ಟರ್ ಸರ್ಟಿಫಿಕೇಟ್ ಬೇಕು. ಎರಡ್ರಲ್ಲಿ ಒಂದು ತಪ್ಪಿದ್ರೂ ನಾನ್ ಕರ್ಕೊಂಡ್ ಹೋಗಲ್ಲ."

ಮಂಗಳಾ ತಲೆಯಾಡಿಸಿದಳು. ಅವಳಿಗೆ ನಲವತ್ಮೂರು. ಅಪ್ಪ ತೀರಿಕೊಂಡಾಗ ಅವಳಿಗೆ ಹತ್ತೊಂಬತ್ತು, ವೆಂಕಿಗೆ ಒಂಬತ್ತು. ಅವತ್ತಿನಿಂದ ಹೊಸೂರಿನ ಬಿಡಿಭಾಗಗಳ ಫ್ಯಾಕ್ಟರಿಯ ಇನ್‌ಸ್ಪೆಕ್ಷನ್ ಟೇಬಲ್ಲಿನ ಮುಂದೆ ಕೂತವಳು ಇನ್ನೂ ಎದ್ದಿರಲಿಲ್ಲ. ತಮ್ಮನ ಶಾಲೆ, ಐಟಿಐ, ಕೊನೆಗೆ ತನ್ನ ಫ್ಯಾಕ್ಟರಿಯಲ್ಲೇ ಅವನಿಗೊಂದು ಕೆಲಸ, ಎಲ್ಲ ಮುಗಿಸಿ ತಿರುಗಿ ನೋಡುವಷ್ಟರಲ್ಲಿ ಅವಳ ಮದುವೆಯ ಮಾತೆತ್ತುವವರೇ ಇರಲಿಲ್ಲ. ಅದಕ್ಕಾಗಿ ಅವಳು ಕೊರಗಿದವಳಲ್ಲ. ಅವಳನ್ನು ತಿನ್ನುತ್ತಿದ್ದ ಕೊರಗು ಬೇರೆಯದು, ಅದನ್ನು ಅವಳು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ರಾಯಕೋಟೆಯ ಹೊರವಲಯದಲ್ಲಿ ಅವರ ಮನೆ. ಹಿಂದೆ ದನದ ಕೊಟ್ಟಿಗೆ, ಅದರ ಹಿಂದೆ ಹೊಂಗೆಮರ, ಮರದ ಬುಡದಲ್ಲಿ ಅಪ್ಪನ ಗುಡ್ಡೆ. ಅವರ ಕಡೆ ಸುಡುವುದಿಲ್ಲ. ಸ್ವಂತ ನೆಲದಲ್ಲಿ ಹೂಳುತ್ತಾರೆ. ಮೂರನೆಯ ದಿನ ಗುಡ್ಡೆಯ ಮೇಲೆ ಹಾಲು-ತುಪ್ಪ ಬಿಟ್ಟು, ಸತ್ತವನಿಗೆ ಇಷ್ಟವಾದದ್ದನ್ನು ಎಡೆಯಿಟ್ಟು ಬಂದರೆ ಹೋದವನು ಹೋದ ಹಾಗೆ. ಅಪ್ಪನ ಎಡಗಡೆ ಒಂದಾಳುದ್ದದ ಜಾಗ ಎರಡು ವರ್ಷದಿಂದ ಖಾಲಿ ಬಿದ್ದಿತ್ತು. ನೆಂಟರು ದರ್ಭೆಯಲ್ಲಿ ಬೊಂಬೆ ಮಾಡಿ ಅಲ್ಲಿ ಹೂಳೋಣ ಎಂದಾಗ ತಾಯಿ ಕಮಲಮ್ಮ ಅವರನ್ನು ಅಂಗಳದಿಂದ ಆಚೆ ಅಟ್ಟಿದ್ದಳು.

"ಹುಲ್ಲಿಗೆ ಹಾಲ್ ಬಿಡಕ್ಕೆ ನಾನೇನ್ ಹುಚ್ಚೀನಾ? ನನ್ ಮಗ ಎಲ್ಲವ್ನೋ ಅಲ್ಲೇ ಬಿಡ್ಬೇಕು."

ಆಮೇಲೆ ದಿನಾ ರಾತ್ರಿ ಊಟಕ್ಕೆ ಮೂರು ತಟ್ಟೆ ತೊಳೆದಿಡುವುದು ಶುರುವಾಯಿತು. ಮೂರನೆಯ ತಟ್ಟೆಯನ್ನು ನೋಡುತ್ತ ಅನ್ನ ನುಂಗುವುದು ಮಂಗಳಾಳಿಗೆ ಸಾಕುಸಾಕಾಗಿತ್ತು. ತಾನೇ ಹೋಗಿ ಹಾಲು ಬಿಟ್ಟು ಬರುತ್ತೇನೆ ಎಂದು ಅವಳು ಹೇಳಿದ ದಿನ ಕಮಲಮ್ಮ ಮಗಳ ಎರಡೂ ಕೈಯನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು. ಆ ಕೈಗಳನ್ನು ಬಿಡಿಸಿಕೊಂಡು ಓಡಿಹೋಗಬೇಕು ಅನ್ನಿಸಿತ್ತು ಮಂಗಳಾಳಿಗೆ.

ಬೆಳಗಿನ ಐದೂವರೆಗೆ ವೆಂಕಿಯ ಬ್ಯಾಗಿಗೆ ಎಂಟು ಕಿಲೋ ರಾಗಿ ತುಂಬಿಕೊಂಡು ಬೆಟ್ಟಕ್ಕೆ ಹೊರಡುತ್ತಿದ್ದಳು. ಮೊದಲ ವಾರ ಕೋಟೆಯ ಬಾಗಿಲಿನವರೆಗೂ ಹೋಗಲಾಗದೆ ಬಂಡೆಯ ಮೇಲೆ ಕೂತು ವಾಂತಿ ಮಾಡಿಕೊಂಡಳು. ಕುರಿ ಹೊಡೆದುಕೊಂಡು ಬರುವ ಮುನಿಶಾಮಪ್ಪ ದಿನಾ ನೋಡಿ ನೋಡಿ ಒಂದು ದಿನ ಕೇಳಿಯೇಬಿಟ್ಟ.

"ಏನವ್ವಾ ಮಂಗಳಾ, ಮೇಲ್ಗಡೆ ರಾಗಿ ಮಿಲ್ ಹಾಕವ್ರಾ?"

ನಗು ಬಂತು. ಎರಡು ವರ್ಷದ ಮೇಲೆ ಬಂದ ನಗು, ಅದರ ಹಿಂದೆಯೇ ಅಳುವೂ ಬಂತು. ಎರಡನೆಯ ತಿಂಗಳು ಒಂದೇ ಉಸಿರಿಗೆ ಮೇಲೆ ಮುಟ್ಟಿದಳು. ಮೂರನೆಯ ತಿಂಗಳು ಗೋಪಿನಾಥ್ ಹೇಳಿದ ಹಾಗೆ ಒಂದೇ ದಿನ ಎರಡು ಸಲ ಹತ್ತಿ ಇಳಿದಳು. ಎಂಟು ಕಿಲೋ ಎಂದರೆ ಎಷ್ಟು ಎಂಬುದು ಅವಳ ಭುಜಕ್ಕೆ ತಕ್ಕಡಿಯಷ್ಟೇ ಚೆನ್ನಾಗಿ ಗೊತ್ತಾಯಿತು. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಎದೆಗೆ ಸ್ಟೆತಸ್ಕೋಪ್ ಇಟ್ಟು, "ಇಂದ ವಯಸ್ಸಿಲ ಎದುಕ್ಕಮ್ಮಾ ಇದೆಲ್ಲಾಂ?" ಎಂದು, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆಂದು ತಮಿಳಿನಲ್ಲಿ ಗದರಿಕೊಂಡೇ, ಹೃದಯ ಗಟ್ಟಿಯಾಗಿದೆ ಎಂದು ಬರೆದುಕೊಟ್ಟಳು. ಆ ಕಾಗದವನ್ನು ಮಂಗಳಾ ಬಸ್ಸಿನಲ್ಲಿ ಕೂತು ಮತ್ತೆ ಮತ್ತೆ ಓದಿದಳು. ಗಟ್ಟಿಯಾಗಿದೆಯಂತೆ!

ಗೋಪಿನಾಥ್ ಒಂದು ಪಟ್ಟಿ ಕೊಟ್ಟಿದ್ದ. ದಪ್ಪ ಜಾಕೆಟ್ಟು, ಹಣೆಗೆ ಕಟ್ಟುವ ಟಾರ್ಚು, ಉಣ್ಣೆಯ ಕಾಲುಚೀಲ, ನೀರಿಗೆ ಹಾಕುವ ಮಾತ್ರೆ. ಬೂಟಿನ ಲೇಸು ಬಿಚ್ಚಿಹೋಗಬಾರದೆಂದು ಎರಡು ಸುತ್ತು ಹಾಕಿ ಎರಡು ಸಲ ಬಿಗಿಯುವ ಗಂಟನ್ನು ಅವಳ ಕಾಲಬುಡದಲ್ಲಿ ಕೂತು ಕಲಿಸಿದ. ಕಮಲಮ್ಮನ ಪಟ್ಟಿ ಬೇರೆ ಇತ್ತು. ಅಪ್ಪನಿಗೆ ಬಿಟ್ಟಿದ್ದ ಅದೇ ಹಿತ್ತಾಳೆ ಚೊಂಬು, ಮನೆಯ ತುಪ್ಪ, ಹುರಿದ ಅವರೆಬೇಳೆ, ಮತ್ತು ಹಾಲು.

"ಹಾಲು ಅಲ್ಲೇ ಸಿಕ್ತದೆ ಅಮ್ಮ," ಎಂದಿದ್ದ ಗೋಪಿನಾಥ್ ಫೋನಿನಲ್ಲಿ. "ಹನ್ನೊಂದ್ ದಿನ ಹಾಲು ಕೆಡ್ದೆ ಇರ್ತದಾ?"

"ಯಾವ್ದೋ ಹಸುವಿನ ಹಾಲು ಅವ್ನಿಗ್ಯಾಕಪ್ಪಾ? ಅವ್ನು ಕುಡ್ದು ಬೆಳ್ದಿದ್ದು ಈ ಕೊಟ್ಗೆ ಹಾಲು."

ಕೊನೆಗೆ ದಾರಿ ಹುಡುಕಿದವಳೂ ಅವಳೇ. ಮೂರು ಲೀಟರ್ ಹಾಲನ್ನು ಗಟ್ಟಿಯಾಗುವ ತನಕ ಬತ್ತಿಸಿ ಕೋವಾ ಮಾಡಿ, ಡಬ್ಬಿಗೆ ಒತ್ತಿ ಕೊಡುವುದು. ಅಲ್ಲಿ ಬಿಸಿನೀರಿಗೆ ಕದಡಿದರೆ ಮತ್ತೆ ಹಾಲೇ.

ಹೊರಡುವುದು ಗುರುವಾರ. ಹಿಂದಿನ ಭಾನುವಾರ ಮಧ್ಯಾಹ್ನ ಗೋಪಿನಾಥ್ ಬ್ಯಾಗು ಪರೀಕ್ಷಿಸಲು ಮನೆಗೇ ಬಂದ. ಬ್ಯಾಗಿನಲ್ಲಿ ವಾಪಸ್ಸು ಬಂದಿದ್ದ ವೆಂಕಿಯ ನೀಲಿ ಉಣ್ಣೆ ಟೋಪಿಯನ್ನು ಮಂಗಳಾ ತಾನು ಹಾಕಿಕೊಳ್ಳಲೆಂದು ಮತ್ತೆ ಅದೇ ಬ್ಯಾಗಿಗೆ ಸೇರಿಸಿದ್ದಳು. ಕಮಲಮ್ಮ ಬಾಗಿಲಲ್ಲಿ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದಳು. ಗೋಪಿನಾಥ್ ಫೋನನ್ನು ಗೋಡೆಗೆ ಆನಿಸಿ ಮಿಂಗ್ಮಾನಿಗೆ ವಿಡಿಯೊ ಕರೆ ಮಾಡಿದ. ಗಾಳಿಗೆ ಸುಟ್ಟ ಮುಖದ ಒಬ್ಬ ಸಣ್ಣ ಮನುಷ್ಯ ಕಾಣಿಸಿಕೊಂಡು ಕೈಮುಗಿದ. ಅವನದು ಹಿಂದಿ, ಗೋಪಿನಾಥ್ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದ. ಚಳಿ, ಗುಟುಕು ಗುಟುಕಾಗಿ ನೀರು ಕುಡಿಯಬೇಕಾದದ್ದು, ನಿಧಾನ ಹೆಜ್ಜೆ, ಇಂಥವೇ ಮಾತು. ಇನ್ನೇನು ಮುಗಿಯಿತು ಎನ್ನುವಾಗ ಕಮಲಮ್ಮ ತಲೆಯೆತ್ತಿದಳು.

"ನನ್ ಮಗ ಕಡೇಗೆ ಏನ್ ತಿಂದ, ಕೇಳಪ್ಪಾ."

ಗೋಪಿನಾಥ್ ಕೇಳಿದ. ಮಿಂಗ್ಮಾ ಬಹಳ ಹೊತ್ತು ಮಾತಾಡಿದ, ನಡುವೆ ಒಂದು ಸಲ ನಕ್ಕ. ಅವನ ಬಾಯಲ್ಲಿ 'ದೀದಿ', ಅಂದರೆ ಅಕ್ಕ, ಎಂಬ ಮಾತು ಬಂದದ್ದೇ ಮಂಗಳಾ ಫೋನಿನಿಂದ ಮುಖ ತಿರುಗಿಸಿದಳು. 'ಗೋಪಿನಾಥ್, ಸಾಕು ಬಿಡು' ಎನ್ನಬೇಕೆಂದುಕೊಂಡಳು. ಅಷ್ಟರಲ್ಲಿ ಅವನು ಕನ್ನಡದಲ್ಲಿ ಶುರುಮಾಡಿದ್ದ.

"ಹಿಂದಿನ್ ರಾತ್ರಿ ಅನ್ನ-ಬೇಳೆ ತಿಂದ್ನಂತೆ ಅಮ್ಮ, ಅರ್ಧ ಬಿಟ್ಬುಟ್ನಂತೆ. ತಲೆನೋವಿತ್ತಂತೆ. ಗುಂಪಲ್ಲಿ ಇನ್ನಿಬ್ರು ಬೆಳಿಗ್ಗೆ ಕೆಳಗಿಳಿಯೋರಿದ್ರಂತೆ, ನೀನೂ ಇಳ್ದ್ಬುಡು ಅಂತ ಇವ್ನು ಹೇಳಿದ್ಕೆ ಸರಿ ಅಂದ್ನಂತೆ. ಆಮೇಲೆ ಸಿಗ್ನಲ್ ಸಿಗೋ ದಿಣ್ಣೆ ಹತ್ತಿ ಅಕ್ಕನ್ ಹತ್ರ ಮಾತಾಡ್ಕೊಂಡ್ ಬಂದು, ನಗ್ತಾ, 'ನಮ್ಮಕ್ಕ ಹೋಗ್ಲೇಬೇಕು ಅಂದವ್ಳೆ, ನಾನ್ ಇಳಿಯಲ್ಲ' ಅಂದ್ನಂತೆ. ಎಲ್ರಿಗೂ ಚಾಕಲೇಟ್ ಹಂಚಿದ್ನಂತೆ." ಗೋಪಿನಾಥ್ ಒಳ್ಳೆಯ ಸುದ್ದಿ ತಂದವನ ಹಾಗೆ ಮಂಗಳಾಳತ್ತ ತಿರುಗಿದ. "ಅಕ್ಕ ಧೈರ್ಯ ತುಂಬಿದ್ರು ಅಂತವ್ನೆ, ಮಿಂಗ್ಮಾ."

ಅವಳ ಮುಖ ನೋಡಿದ ಮೇಲೆ ಅವನಿಗೂ ಅರ್ಥವಾಯಿತು. ಫೋನ್ ಎತ್ತಿಕೊಂಡು ಏನೋ ನೆಪ ಹೇಳಿ ಎದ್ದುಹೋದ.

ಕಮಲಮ್ಮನ ಕೈ ನಿಂತಿತ್ತು. ಆಮೇಲೆ ಮತ್ತೆ ಸುಲಿಯತೊಡಗಿತು. ಮೊರದಲ್ಲಿದ್ದ ಕಾಯೆಲ್ಲ ಮುಗಿದ ಮೇಲೆ ಅವಳು ಮೊರವನ್ನು ಆಚೆ ಸರಿಸಿದಳು.

"ಟವರ್ ಸಿಕ್ಕಿಲ್ಲ, ಮಾತೇ ಆಡಿಲ್ಲ ಅಂದಿದ್ಯಲ್ಲ ಅಮ್ಮಿ."

"ಸಿಕ್ಕಿತ್ತು."

"ಏನಂದೆ ಅವ್ನಿಗೆ?"

ಎರಡು ವರ್ಷ ಒಳಗೇ ಕೊಳೆತಿದ್ದ ಮಾತು ಒಂದಕ್ಷರ ಆಚೀಚೆಯಾಗದೆ ಬಂತು. "ತಲೆ ನೋಯ್ತದಕ್ಕಾ, ಇಳ್ದ್ಬುಡ್ಲಾ ಅಂದ. ಕಂಪ್ನಿಗೆಲ್ಲಾ ಸ್ವೀಟ್ ಹಂಚಿ ಹೋಗಿದ್ದೀಯ, ಅರ್ಧಕ್ಕೆ ಬಂದ್ರೆ ಕ್ಯಾಂಟೀನಲ್ಲಿ ನಾನ್ ಹೆಂಗ್ಲಾ ಮುಖ ತೋರ್ಸ್ಲಿ, ಗಂಡ್ಸಲ್ವೇನ್ಲಾ ನೀನು, ಎದ್ದು ಹೋಗ್ಲಾ ಅಂದೆ. ತಮಾಷೆಗಂದೆ ಅಮ್ಮಾ."

ಕಮಲಮ್ಮ ಸಿಪ್ಪೆಯನ್ನು ಸೆರಗಿನಲ್ಲಿ ಬಾಚಿಕೊಂಡು ಹಸುವಿನ ಕಡೆ ಹೋದಳು. ಆ ರಾತ್ರಿ ಎರಡೇ ತಟ್ಟೆ ತೊಳೆದಳು. ಒಂದು ವೆಂಕಿಯದು, ಒಂದು ಮಂಗಳಾಳದು. ತಾನು ಉಣ್ಣಲಿಲ್ಲ.

ಸೋಮವಾರ, ಮಂಗಳವಾರ ಮನೆಯಲ್ಲಿ ಮಾತಿಲ್ಲ. ಅಮ್ಮ ಬೈದಿದ್ದರೂ ಆಗುತ್ತಿತ್ತು, ಹೊಡೆದಿದ್ದರೂ ಆಗುತ್ತಿತ್ತು. ಬುಧವಾರ ಮಂಗಳಾ ಫ್ಯಾಕ್ಟರಿಯಲ್ಲಿ ರಜೆಯ ಕಾಗದ ಕೊಟ್ಟು ಬಂದಾಗ ಹೊಸಿಲಿನಲ್ಲೇ ಕಾದ ಹಾಲಿನ ವಾಸನೆ ಮೂಗಿಗೆ ಬಡಿಯಿತು. ಕಮಲಮ್ಮ ಒಲೆಯ ಮುಂದೆ ಕೂತಿದ್ದಳು. ಮೂರು ಲೀಟರ್ ಹಾಲು ತಳ ಹಿಡಿಯದ ಹಾಗೆ ತಿರುವುತ್ತ ತಿರುವುತ್ತ ಹೊತ್ತು ಮುಳುಗಿಸಿದಳು. ಕೋವಾವನ್ನು ಡಬ್ಬಿಗೆ ಒತ್ತಿ, ಚೊಂಬು, ತುಪ್ಪದ ಶೀಶೆ, ಅವರೆಬೇಳೆಯ ಪೊಟ್ಟಣ ಎಲ್ಲ ಸೇರಿಸಿ ಅಪ್ಪನ ಹಳೆಯ ಪಂಚೆಯಲ್ಲಿ ಕಟ್ಟಿ, ತಾನೇ ಬ್ಯಾಗಿನೊಳಗೆ ಇಟ್ಟಳು. ಮಗಳ ಮುಖ ನೋಡಲಿಲ್ಲ, ಆದರೆ ಇಟ್ಟಳು. ಅಷ್ಟೇ ಸಾಕಾಯಿತು ಮಂಗಳಾಳಿಗೆ. ಅವತ್ತು ಅವಳಿಗೆ ನಿದ್ದೆ ಬಂತು.

ಗುರುವಾರ ಬೆಳಿಗ್ಗೆ ಆರಕ್ಕೆ ಗೋಪಿನಾಥನ ವ್ಯಾನು ರಸ್ತೆಗೆ ಬರುವುದಿತ್ತು. ಮಂಗಳಾ ಜಗುಲಿಯ ಮೇಲೆ ಕೂತು ಬೂಟಿನ ಲೇಸನ್ನು ಕಲಿತ ಹಾಗೆಯೇ ಎರಡೆರಡು ಸಲ ಬಿಗಿದಳು. ಎದ್ದು ಬ್ಯಾಗಿನ ಪಟ್ಟಿಗೆ ಭುಜ ಕೊಟ್ಟಳು. ಕೊಟ್ಟ ಕೂಡಲೇ ಗೊತ್ತಾಯಿತು. ಭಾರ ಕಡಿಮೆಯಿತ್ತು.

ಇಳಿಸಿ ಬಿಚ್ಚಿ ನೋಡಿದಳು. ಜಾಕೆಟ್ಟು ಇತ್ತು, ಟಾರ್ಚು ಇತ್ತು, ಡಾಕ್ಟರಮ್ಮನ ಕಾಗದ ಇತ್ತು. ಪಂಚೆಯ ಗಂಟು ಇರಲಿಲ್ಲ. ನೀಲಿ ಟೋಪಿಯೂ ಇರಲಿಲ್ಲ.

"ಅಮ್ಮಾ..."

ಮನೆಯೊಳಗೆ ಯಾರೂ ಇಲ್ಲ. ಕೊಟ್ಟಿಗೆ ದಾಟಿ ಹೊಂಗೆಮರದತ್ತ ಓಡಿದಳು. ಅಪ್ಪನ ಎಡಗಡೆಯ ಖಾಲಿ ಜಾಗದಲ್ಲಿ ಹಸಿ ಮಣ್ಣಿನ ಗುಡ್ಡೆ ಎದ್ದಿತ್ತು. ಮೊಳದುದ್ದದ್ದು, ಮಗುವಿಗೆ ಮಾಡುವಷ್ಟು. ಒಂದು ಬದಿಯಲ್ಲಿ ಮಣ್ಣು ಸಾಲದೆ ನೀಲಿ ಉಣ್ಣೆಯ ಅಂಚು ಆಚೆ ಕಾಣುತ್ತಿತ್ತು. ಮೇಲೆ ಹಾಲು ಬಿಟ್ಟಾಗಿತ್ತು. ಪೂರಾ ಕದಡದ ಕೋವಾದ ಹರಳುಗಳು ಮಣ್ಣಿನ ಮೇಲೆ ಬೆಳ್ಳಗೆ ಉಳಿದಿದ್ದವು. ಎಲೆಯ ಮೇಲೆ ಅವರೆಬೇಳೆ ಇತ್ತು, ತುಪ್ಪಕ್ಕೆ ಇರುವೆ ಸಾಲುಗಟ್ಟಿತ್ತು.

ಕಮಲಮ್ಮ ಗುದ್ದಲಿಯ ಕಾವನ್ನು ಊರಿಕೊಂಡು ನಿಂತಿದ್ದಳು. ಉಗುರಿನ ಸಂದಿಯೆಲ್ಲ ಮಣ್ಣು.

"ಅಲ್ಲೀಗಂಟ ಹೋಗಿ ಅವ್ನಿಗೆ ಇನ್ನೇನ್ ಹೇಳ್ತೀಯಮ್ಮಿ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಮಂಗಳಾ ತಡೆದುಕೊಳ್ಳುತ್ತಿದ್ದಳು. "ನನ್ ಮಗ ಮನೇಗ್ ಬಂದ. ನೀನು ಎಲ್ಲಿಗ್ ಬೇಕಾದ್ರೂ ಹೋಗು."

ಚೊಂಬನ್ನು ಗುಡ್ಡೆಯ ಕಾಲ ಕಡೆಗೆ ನೆಲದ ಮೇಲಿಟ್ಟು, ಗುದ್ದಲಿಯನ್ನು ಎಳೆದುಕೊಂಡು ಕೊಟ್ಟಿಗೆಯತ್ತ ನಡೆದಳು. ತಿರುಗಿ ನೋಡಲಿಲ್ಲ.

ಚೊಂಬಿನ ತಳದಲ್ಲಿ ಒಂದು ಗುಟುಕಿನಷ್ಟು ಹಾಲಿತ್ತು. ಸುರಿಯುವಾಗ ಉಳಿದುಹೋದದ್ದೋ, ಬೇಕೆಂದೇ ಉಳಿಸಿದ್ದೋ, ಕೇಳುವ ಧೈರ್ಯ ಮಂಗಳಾಳಿಗೆ ಇರಲಿಲ್ಲ. ರಸ್ತೆಯಲ್ಲಿ ವ್ಯಾನು ಬಂದು ನಿಂತು ಹಾರ್ನ್ ಹೊಡೆಯಿತು.

ಆ ಗುಟುಕು ಹಾಲು ಬಿಡಬೇಕೆಂದರೂ ಚಪ್ಪಲಿ ಮೆಟ್ಟಿದ ಕಾಲಲ್ಲಿ ಗುಡ್ಡೆಯ ಹತ್ತಿರ ಯಾರೂ ಹೋಗುವುದಿಲ್ಲ. ಮಂಗಳಾ ಅಲ್ಲೇ ಮಣ್ಣಿನಲ್ಲಿ ಕೂತು ಬೂಟಿನ ಲೇಸಿಗೆ ಕೈ ಹಾಕಿದಳು. ಎರಡು ಸುತ್ತಿನ ಗಂಟು ಬಿಗಿಯಾಗಿ ಕೂತಿತ್ತು, ಉಗುರಿಗೆ ಸಿಗಲಿಲ್ಲ. ಹಾರ್ನ್ ಮತ್ತೆ ಕೇಳಿಸಿತು. ಅವಳು ಬಗ್ಗಿ ಗಂಟಿಗೆ ಹಲ್ಲು ಕೊಟ್ಟಳು.