ಕುದಿಸದ ಕತ್ತರಿ

ಹಂಡೆಯ ನೀರಿಗೆ ಬೆರಳದ್ದಿದ ಚಂದ್ರಕಲಾ ಚುರ್ರೆಂದ ಬೆರಳನ್ನು ಕಿವಿಗೆ ಹಿಡಿದುಕೊಂಡು ಮೂರನೆಯ ಸಲ ಕೂಗಿದಳು: "ನೀರು ಕಾದಾವು. ಯಾರಾರ ಒಬ್ರು ಬರ್ರೆವ್ವಾ. ಒಬ್ಬಾಕಿನ ಹೆಂಗ ಎರೀಲಿ?"

ಹಿತ್ತಲಿನಲ್ಲಿ ಹಳೆಯ ಸೀರೆಗಳ ಮರೆ ಕಟ್ಟಿದ್ದರು. ಅದರ ಹಿಂದೆ ಹಲಗೆಯ ಮೇಲೆ ಚಂದ್ರಕಲಾಳ ಸೋದರತ್ತೆ ಜಂಬವ್ವನನ್ನು ಕೊನೆಯ ಸ್ನಾನಕ್ಕೆ ಮಲಗಿಸಿದ್ದರು. ತೊಂಬತ್ತನಾಲ್ಕು ವರ್ಷ ಸವೆದು, ಹತ್ತು ವರ್ಷದ ಹುಡುಗಿಯಷ್ಟೇ ಉಳಿದಿದ್ದ ದೇಹ. ಮುಂದೆ ಕುಳಿತ ಹೆಂಗಸರಲ್ಲಿ ಒಬ್ಬರೂ ಏಳಲಿಲ್ಲ.

"ನಮ್ಮನ್ಯಾಗ ಸೊಸಿ ಬಸುರಿ ಅದಾಳ. ಆಕಿನ್ನ ಮುಟ್ಟಿ ಮನಿಗೆ ಹೆಂಗ ಹೋಗ್ಲಿ?" ಎಂದಿತು ಒಂದು ದನಿ.

ಕಟ್ಟೆಯ ಮೇಲಿದ್ದ ಪಕ್ಕದ ಮನೆಯ ಶಾಂತಕ್ಕ, "ಮಣ್ಣಿಗೆ ಬಂದೀನಿ, ಅದ ಹೆಚ್ಚು. ನನ್ನ ಮೊಮ್ಮಗನ್ನ ತಿಂದಾಕಿ. ನಾ ಮುಟ್ಟಂಗಿಲ್ಲ," ಎಂದಳು. ಇಪ್ಪತ್ತೇಳು ವರ್ಷದಿಂದ ಮಲಪನಗುಡಿ ಊರೆಲ್ಲ ಕೇಳುತ್ತ ಬಂದ ಮಾತು ಅದು.

ಚಟ್ಟದ ಬಿದಿರಿಗೆ ಸುತಳಿ ಬಿಗಿಯುತ್ತಿದ್ದ ಮೌನೇಶ ತಲೆಯೆತ್ತಿದ. ಸಂಡೂರಿನ ಗಣಿಯಲ್ಲಿ ಲಾರಿ ಓಡಿಸುವವನು; ಸೂಲಗಿತ್ತಿ ಜಂಬವ್ವನ ಕೈಯಲ್ಲೇ ಹುಟ್ಟಿದವನು.

"ಇಲ್ಲಿ ಕುಂತಿರೋ ಅರ್ಧ ಊರಿಗೆ ಎಂಟ್ರಿ ಕೊಡ್ಸಿದಾಕಿ ನಮ್ಮಜ್ಜಿ. ಈಗ ಆಕಿ ಕ್ಲೈಮ್ಯಾಕ್ಸಿಗೆ ಒಬ್ರೂ ಇಲ್ಲೇನ್ರಿ?"

"ಬಾಯಿ ಮುಚ್ಚಲೇ, ಹೆಣದ ಮುಂದ."

"ಹೆಂಗ ಮುಚ್ಲಿ ಶಾಂತಕ್ಕ? ಹುಟ್ಟಿದಾಗ ನಾ ಅಳ್ಳಿಲ್ಲಂತ. ಕುಂಡಿ ಮ್ಯಾಲೆ ಅಜ್ಜಿ ಒಂದು ಬಿಟ್ಲಂತ. ಅವತ್ತು ತಗದ ಬಾಯಿ ಇದು."

ಯಾರೋ ಕಿಸಕ್ಕೆಂದರು. ಮೌನೇಶ ಮಾತ್ರ ನಗದೆ ಮುಖ ಆ ಕಡೆ ತಿರುಗಿಸಿ, ಬಿಗಿಯಾಗಿದ್ದ ಗಂಟನ್ನೇ ಮತ್ತೆ ಬಿಗಿದ.

ಬಾಗಿಲಲ್ಲಿ ಆಟೋ ನಿಂತಿತು. ಆಶಾ ಕಾರ್ಯಕರ್ತೆಯರ ಗುಲಾಬಿ ಸೀರೆಯಲ್ಲೇ ಇಳಿದು ಬಂದವಳು ಶಾಂತಕ್ಕನ ಸೊಸೆ ಭಾಗ್ಯ. ಗಂಡನಿಗೆ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕ ಮೇಲೆ ಇಬ್ಬರೂ ಕುರೆಕುಪ್ಪದಲ್ಲಿದ್ದರು.

ಶಾಂತಕ್ಕ ಕಟ್ಟೆಯಿಂದಿಳಿದಳು. "ನೀನ್ಯಾಕ ಬಂದಿ ಇಲ್ಲಿಗೆ?"

"ಎರಿಯಾಕ ಬಂದೀನಿ, ಅತ್ತಿ."

*

ಇಪ್ಪತ್ತೇಳು ವರ್ಷದ ಹಿಂದೆ ಭಾಗ್ಯಳಿಗೆ ಹತ್ತೊಂಬತ್ತು. ಚೊಚ್ಚಲ ಹೆರಿಗೆ, ಗಂಡು ಕೂಸು. ಜಂಬವ್ವ ತಗಡಿನ ಪೆಟ್ಟಿಗೆಯಿಂದ ಕತ್ತರಿ ತೆಗೆದು ಕುದಿಯುವ ನೀರಿಗೆ ಹಾಕಿದ್ದನ್ನು ಅವಳು ನೋವಿನ ನಡುವೆಯೇ ನೋಡಿದ್ದಳು.

"ನಾ ನಿನಗಿಂತ ಸಣ್ಣಾಕಿದ್ದೆ," ಎನ್ನುತ್ತ ಜಂಬವ್ವ ಹೊಕ್ಕಳಬಳ್ಳಿಗೆ ದಾರ ಕಟ್ಟಿದಳು. "ಬ್ರಿಟಿಷರ ಕಾಲ. ಜಿಲ್ಲಾ ಬೋರ್ಡಿನ ನರ್ಸಮ್ಮ ಬಳ್ಳಾರಿಯಿಂದ ಎತ್ತಿನ ಗಾಡ್ಯಾಗ ಬರಾಕಿ. ನಮ್ಮತ್ತಿನ್ನ, ನನ್ನ ಕುಂದ್ರಿಸ್ಕೆಂಡು ಎರಡ ಮಾತು ಕಲಿಸಿದ್ಲು. ಕತ್ತರಿ ಕುದಿಸು. ಹೊಕ್ಕಳಕ್ಕ ಏನೂ ಹಚ್ಚಬ್ಯಾಡ. ಅದರಮ್ಯಾಲೆ ಇಷ್ಟು ವರ್ಷ ನಡದೈತಿ ನಂದು."

ಯಾಕೆ ಹಚ್ಚಬಾರದೆಂದು ಆಕೆ ಹೇಳಲಿಲ್ಲ. ನರ್ಸಮ್ಮ ಆಕೆಗೂ ಹೇಳಿರಲಿಕ್ಕಿಲ್ಲ.

ಮೂರನೆಯ ದಿನ ಹೊಕ್ಕಳು ಒದ್ದೆಯೊದ್ದೆಯಾಯಿತು. ಭಾಗ್ಯ ಹೆದರಿದಳು. ತವರಿನಲ್ಲಿ ಎಲ್ಲ ಕೂಸುಗಳಿಗೂ ಒಲೆಯ ಬೂದಿ ಹಚ್ಚಿದ್ದನ್ನು ನೋಡಿದ್ದಳು. ಯಾರೂ ಇಲ್ಲದಾಗ ಒಂದು ಚಿಟಿಕೆ ಹಚ್ಚಿದಳು. ಮರುದಿನವೂ ಹಚ್ಚಿದಳು. ಒಣಗಿದಂತೆ ಕಂಡು ಸಮಾಧಾನವಾಯಿತು.

ಏಳನೆಯ ದಿನ ಕೂಸು ಮೊಲೆ ಹಿಡಿಯಲಿಲ್ಲ. ದವಡೆ ಕಚ್ಚಿಕೊಂಡಿತ್ತು. ಮುಟ್ಟಿದರೆ ಸಾಕು, ಬಿಲ್ಲಿನಂತೆ ಬಾಗುತ್ತಿತ್ತು. ಓಡಿ ಬಂದ ಜಂಬವ್ವ ಬಟ್ಟೆ ಬಿಚ್ಚಿದಳು. ಹೊಕ್ಕಳನ್ನು ನೋಡಿದಳು, ಭಾಗ್ಯಳ ಮುಖ ನೋಡಿದಳು. ಸೆರಗಿನ ತುದಿಯಿಂದ ಬೂದಿಯನ್ನು ಮೆಲ್ಲಗೆ ಒರೆಸಿ, ಕೂಸನ್ನು ಸುತ್ತಿ ಭಾಗ್ಯಳ ಗಂಡನ ಕೈಗೆ ಕೊಟ್ಟು, "ಹೊಸಪೇಟಿ ದವಾಖಾನಿಗೆ ಓಡು," ಎಂದಳು.

ಟೆಂಪೋ ಹೊಸಪೇಟೆ ಮುಟ್ಟುವ ಮೊದಲೇ ಕೂಸು ಹೋಯಿತು.

ಏನಾಯಿತೆಂದು ಶಾಂತಕ್ಕ ಎದೆ ಬಡಿದುಕೊಂಡು ಕೇಳಿದಾಗ ಜಂಬವ್ವ ನೆಲ ನೋಡುತ್ತ ಅಂದಳು: "ಅವತ್ತು ಕತ್ತರಿ ಕುದಿಸ್ಲಿಲ್ಲವ್ವ. ಮರತೆ."

ಆಮೇಲೆ ಯಾರೂ ಆಕೆಯನ್ನು ಹೆರಿಗೆಗೆ ಕರೆಯಲಿಲ್ಲ. ಎದುರು ಬಂದರೆ ಬಸುರಿಯರು ಓಣಿ ಬದಲಿಸಿದರು.

ಹತ್ತು ವರ್ಷದ ನಂತರ, ಆಶಾ ತರಬೇತಿಯ ಎರಡನೆಯ ದಿನ, ಡಾಕ್ಟರಮ್ಮ ಬೋರ್ಡಿನ ಮೇಲೆ ಕೂಸಿನ ಚಿತ್ರ ಬರೆದು, ಹೊಕ್ಕಳಿಗೆ ಬೂದಿ ಹಚ್ಚಿದರೆ ಏನಾಗುತ್ತದೆಂದು ಹೇಳಿದರು. ಧನುರ್ವಾಯು ಬರುತ್ತದೆ, ದವಡೆ ಕಚ್ಚುತ್ತದೆ, ಮೈ ಬಾಗುತ್ತದೆ ಎಂದರು. ಭಾಗ್ಯ ಪೆನ್ನು ಅಲ್ಲೇ ಬಿಟ್ಟು ಮಲಪನಗುಡಿಯ ಬಸ್ಸು ಹತ್ತಿದಳು.

ಜಂಬವ್ವ ಅವಳನ್ನು ಬಾಗಿಲಲ್ಲೇ ತಡೆದಳು. ಒಂದು ಮಾತೂ ಆಡಗೊಡಲಿಲ್ಲ.

"ತಾಯೇ ಕೂಸಿನ್ನ ತಿಂದ್ಲು ಅಂತ ಊರು ಅಂದಿದ್ರ ನೀ ಬದಕ್ತಿದ್ದಿಲ್ಲ. ಸೂಲಗಿತ್ತಿ ಮುದುಕಿನ್ನ ಅಂದ್ರ ಏನಾತು? ನಾ ಇರೋತನ ಬಾಯಿ ಬಿಡಬ್ಯಾಡ. ಬಿಟ್ಟಿ ಅಂದ್ರ ನನ್ನಾಣಿ. ಹೋಗು, ಬಸ್ಸು ಹೊಂಟೀತು."

*

"ಹುಚ್ಚು ಹಿಡದೈತೇನ ನಿಂಗ?" ಶಾಂತಕ್ಕ ಸೊಸೆಯ ರಟ್ಟೆ ಹಿಡಿದಳು. "ನಿನ್ನ ಕೂಸಿಗೆ ಕುದಿಸದ ಕತ್ತರಿ ಹಚ್ಚಿದಾಕಿಗೆ ನೀರು ಹಾಕ್ತಿಯಾ?"

"ಕುದಿಸಿದ್ಲು ಅತ್ತಿ."

"ಏನಂದಿ?"

"ಕತ್ತರಿ ಕುದಿಸಿದ್ಲು. ನಾ ಕಣ್ಣಾರೆ ನೋಡೀನಿ." ಭಾಗ್ಯಳ ದನಿ ಅಂಗಳಕ್ಕೆಲ್ಲ ಕೇಳುವಷ್ಟು ಏರಿತು. "ಬೂದಿ ಹಚ್ಚಿದಾಕಿ ನಾನು. ಹೊಕ್ಕಳಕ್ಕ. ಬ್ಯಾಡಂದಿದ್ಲು, ಕೇಳ್ಲಿಲ್ಲ. ಅದಕ್ಕ ಸತ್ತಾನ ಅವನು. ಮನಿಮನಿಗೆ ಹೋಗಿ ಬಾಣಂತ್ಯಾರಿಗೆ ಹೇಳ್ತಿನಿ, ಏನೂ ಹಚ್ಚಬ್ಯಾಡ್ರಿ ಅಂತ. ನಿನ್ನ ಮುಂದ ಮಾತ್ರ ಹೇಳಾಕ ಆಣಿ ಅಡ್ಡ ಇತ್ತು."

ಮೌನೇಶನ ಕೈಯಿಂದ ಸುತಳಿಯ ಉಂಡೆ ಉರುಳಿ ಹೋಯಿತು.

"ಅಂದ್ರ..." ಶಾಂತಕ್ಕ ರಟ್ಟೆ ಬಿಟ್ಟಳು. "ಆಕಿ ಬಾಗಿಲಿಗೆ ಮಣ್ಣು ತೂರೀನಲ್ಲ. ನೀರು ಕೇಳಿದ್ರ ಕೊಟ್ಟಿಲ್ಲಲ್ಲ ನಾನು. ಒಂದಿನಾರ ಹೇಳ್ಬಾರದಿತ್ತೇನಬೇ ಜಂಬವ್ವಾ..."

ಶಾಂತಕ್ಕ ಕೈಯಿಂದ ಕಟ್ಟೆ ತಡಕಿ, ಸಿಗದೆ, ನೆಲದ ಮೇಲೆಯೇ ಕೂತಳು.

ಭಾಗ್ಯ ಮರೆಯೊಳಗೆ ಹೋದಳು. ಚಪ್ಪಲಿ ಬಿಟ್ಟು, ಸೀರೆಯನ್ನು ಮೊಣಕಾಲ ತನಕ ಎತ್ತಿ, ಒದ್ದೆ ಕಲ್ಲಿನ ಮೇಲೆ ಕುಳಿತು ಎರಡೂ ಕಾಲು ನೀಡಿಕೊಂಡಳು.

"ಎತ್ತು ಚಂದ್ರಕ್ಕ. ಇಲ್ಲಿ ಹಾಕು."

"ಕಾಲ ಮ್ಯಾಲೇನ? ಹಿರೇರನ್ನ?" ಚಂದ್ರಕಲಾ ಹಿಂಜರಿದಳು.

"ಹಾಕು."

ಇಬ್ಬರೂ ಸೇರಿ ಎತ್ತಿದರು. ಭಾರವೇ ಇರಲಿಲ್ಲ. ಜಂಬವ್ವನ ಬೆನ್ನು ಭಾಗ್ಯಳ ಕಾಲುಗಳ ಮೇಲೆ ಒರಗಿತು. ಚಂದ್ರಕಲಾ ತಂಬಿಗೆ ಎತ್ತಿದಳು.

"ತಡಿ, ಬಿಸಿ ನೋಡ್ತಿನಿ," ಎಂದು ಭಾಗ್ಯ ಮೊದಲ ಧಾರೆಯನ್ನು ತನ್ನ ಮುಂಗೈ ಮೇಲೆ ಹಾಕಿಸಿಕೊಂಡಳು. ಆಮೇಲೆ ಸರಿ ಎಂಬಂತೆ ತಲೆಯಾಡಿಸಿ, ಮುಚ್ಚಿದ ಆ ಕಣ್ಣುಗಳಿಗೆ ನೀರು ಇಳಿಯದಂತೆ ಹಣೆಗೆ ಅಂಗೈ ಅಡ್ಡ ಹಿಡಿದಳು.