ಅರ್ಧಕ್ಕೆ ನಿಂತ ಎಂಜಿನ್

ಅಹಮದಸಾಬ ಸರಪಳಿಯನ್ನು ಇನ್ನೊಂದು ಮೊಳ ಎಳೆದ. ತೊಲೆಗೆ ನೇತುಬಿದ್ದಿದ್ದ ಎಂಜಿನ್ ಕಿರುಗುಟ್ಟಿತೇ ಹೊರತು ಜಾಗ ಬಿಡಲಿಲ್ಲ. ಗೇರ್‌ಬಾಕ್ಸಿನ ಶಾಫ್ಟು ಅದನ್ನು ಅರ್ಧಕ್ಕೇ ಕಚ್ಚಿ ಹಿಡಿದಿತ್ತು.

ಶೆಡ್ಡಿನ ಹಿಂದಿನ ಮನೆಯಲ್ಲಿ, ತೀರಿಕೊಂಡ ಶೆಡ್ಡಿನ ಒಡೆಯ ಗುರುಶಿದ್ದಪ್ಪನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಹಾರ. ಬೆಳಗಿನಿಂದ ಹಾಡಿದ ಭಜನೆಯವರ ದನಿ ಸೋತಿತ್ತು. ಕೂತ ಭಂಗಿಯಲ್ಲೇ ಮಣ್ಣಿಗೆ ಒಯ್ಯಲು ಬಿದಿರಿನ ವಿಮಾನವನ್ನೂ ಕಟ್ಟಿ ಮುಗಿಸಿದ್ದರು. ಆದರೆ ಆ ಮನೆಗೆ ಇದ್ದದ್ದು ಒಂದೇ ದಾರಿ, ಈ ಶೆಡ್ಡಿನೊಳಗಿನಿಂದ ಗೋಕುಲ ರಸ್ತೆಗೆ. ಆ ದಾರಿಗೆ ಅಡ್ಡವಾಗಿ ಧಾರವಾಡದ ರಮಾಕಾಂತ ದೇಸಾಯರ ಅಪ್ಪನ ಕಾಲದ ಫಿಯಟ್ ನಿಂತಿತ್ತು. ಜನ ಪಕ್ಕದಿಂದ ನುಸುಳಬಹುದಿತ್ತು, ವಿಮಾನ ನುಸುಳದು. ಎಂಜಿನ್ ಬಿಡಿಸದೆ ಕಾರು ಸರಿಯದು, ಕಾರು ಸರಿಯದೆ ಹೆಣ ಹೊರಡದು.

ಸಲಹೆಗೇನೂ ಬರವಿರಲಿಲ್ಲ. ಜನ್ಮದಲ್ಲಿ ನಟ್ಟು ತಿರುಗಿಸಲು ಪಾನಾ ಹಿಡಿಯದವರೆಲ್ಲ ಅಂದು ಮಿಸ್ತ್ರಿಗಳಾಗಿದ್ದರು. ಒಬ್ಬರು ಸರಪಳಿ ಕತ್ತರಿಸಿ ಎಂದರು, ಇನ್ನೊಬ್ಬರು ಹಿಂದಿನ ಗೋಡೆ ಒಡೆಯಿರಿ ಎಂದರು. ತೀರಿದವನ ತಮ್ಮ ಶಶಿಕಾಂತನೊಬ್ಬನೇ ಹತ್ತಿರ ಬಂದು ಮೆತ್ತಗೆ ಕೇಳಿದ.

"ಎಷ್ಟೊತ್ತು ಆಗಬಹುದ್ರಿ, ಅಹಮದಸಾಬ್ರ? ಸ್ವಾಮಿಗೋಳು ಮೂರರೊಳಗ ಎತ್ತಬೇಕು ಅನ್ನಾಕತ್ತಾರ."

ಆಗುತ್ತದೆ ಎಂದು ಅಹಮದಸಾಬ ತಲೆಯಾಡಿಸಿದ. ಖರೇ ಹೇಳಬೇಕೆಂದರೆ, ಎಂಜಿನ್ ಬಾರದಿರುವುದಕ್ಕಿಂತ ಬರುವುದಕ್ಕೇ ಅವನು ಹೆದರಿದ್ದ. ಅದು ಹೊರಬಂದರೆ ಅದರ ಬೆನ್ನಿಗಿರುವ ಕ್ಲಚ್ ಪ್ಲೇಟು ಸಿಗುತ್ತದೆ. ಅದು ನಟ್ಟನಡುವೆ ಕೂತಿದ್ದರೆ ಸರಿ. ಸರಿದಿದ್ದರೆ, ಗೆಳೆಯನ ಜೀವ ತೆಗೆದವನು ತಾನೇ.

*

ನಿನ್ನೆ ಶುಕ್ರವಾರ ಬೆಳಿಗ್ಗೆ ಆ ಪ್ಲೇಟನ್ನು ಅಹಮದಸಾಬನೇ ಕೂಡಿಸಿದ್ದ. ಶಾಫ್ಟು ಹೊಗಬೇಕಾದ ನಡುವಿನ ತೂತಿಗೆ ಕಟ್ಟಿಗೆಯ ಗೂಟ ತೂರಿಸಿ ಅಳತೆ ನೋಡುವುದು ಗುರುಶಿದ್ದಪ್ಪನ ಪದ್ಧತಿ. ಮೂವತ್ತು ವರ್ಷ ಪಳಗಿದ ಕಣ್ಣಿರುವಾಗ ಗೂಟವೇಕೆ ಎಂದು ಅಹಮದಸಾಬ ಜಂಬದಿಂದಲೇ ಹೇಳಿದ. ಆ ಕಣ್ಣಿಗೆ ಪೊರೆ ಬಂದು ಎಂಟು ತಿಂಗಳಾಗಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಕಣ್ಣು ಕಾಣದ ಮಿಸ್ತ್ರಿಯನ್ನು ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ? ಮನೆಯಲ್ಲಿ ಕೂತು ಗೋಡೆ ನೋಡುವುದನ್ನು ನೆನೆದರೇ ಅವನಿಗೆ ಜೀವ ಹಾರುತ್ತಿತ್ತು.

ಎಂಜಿನ್ ಇಳಿಸಿದರು. ಇವನು ಸರಪಳಿ ಬಿಡುವುದು, ಅವನು ಕೆಳಗೆ ಮಲಗಿ ಶಾಫ್ಟಿಗೆ ಹೊಂದಿಸುವುದು. ಎಂದೂ ಒಂದೇ ಏಟಿಗೆ ಕೂಡುತ್ತಿದ್ದದ್ದು ಅಂದು ಕೂಡಲಿಲ್ಲ. ಎರಡು ತಾಸು ಗುದ್ದಾಡಿ ಗುರುಶಿದ್ದಪ್ಪ ಬೆವರು ಒರೆಸಿಕೊಳ್ಳುತ್ತ ಎದ್ದ. ನಮಾಜಿಗೆ ಹೊತ್ತಾಯಿತು ಹೋಗು, ಮನೆಯಲ್ಲಿ ಊಟ ಮುಗಿಸಿಕೊಂಡೇ ಬಾ, ನಾನೂ ಸ್ವಲ್ಪ ಅಡ್ಡಾಗುತ್ತೇನೆ ಎಂದ. ಅಹಮದಸಾಬ ಮರಳಿದಾಗ ಅವನು ಕಾರಿನ ಗಾಲಿಗೆ ಒರಗಿ ಕೂತಿದ್ದ. ಕೈಗೆ ಸರಪಳಿ ಸುತ್ತಿಕೊಂಡಿತ್ತು, ಉಸಿರು ನಿಂತಿತ್ತು.

*

ಎರಡೂವರೆಗೆ ಎಂಜಿನ್ ಬಿಟ್ಟುಕೊಂಡಿತು. ಶಶಿಕಾಂತ ಮತ್ತು ನಾಲ್ಕು ಜನ ಕಾರನ್ನು ರಸ್ತೆಯ ಬದಿಗೆ ತಳ್ಳಿದರು. ಎಂಜಿನ್ ತೊಲೆಗೆ ತೂಗುತ್ತ ಉಳಿಯಿತು. ಅಹಮದಸಾಬ ಅದರ ಹಿಂದೆ ಕೈ ತೂರಿಸಿದ. ನೋಡುವ ಗೋಜಿಗೆ ಹೋಗಲಿಲ್ಲ, ಬೆರಳಿಗೇ ತಿಳಿಯಿತು. ಪ್ಲೇಟು ಕಿರುಬೆರಳಿನ ಉಗುರಿನಷ್ಟು ಕೆಳಗೆ ಸರಿದಿತ್ತು.

ಎಂಜಿನ್ನನ್ನು ಗೋಡೆಯ ಬದಿಗೆ ಇಳಿಸಿ ದಾರಿ ಬಿಡಿಸಿದವನು, ಕೈ ಸಹ ತೊಳೆಯದೆ ಒಳಗೆ ಹೋದ. ಗಂಡನ ಪಕ್ಕದಲ್ಲಿ ಕೂತಿದ್ದ ದೇವಕ್ಕ ತಲೆಯೆತ್ತಿದಳು.

"ವೈನಿ, ತಪ್ಪು ನಂದು. ಪ್ಲೇಟು ನಾನs ಸೊಟ್ಟ ಕೂಡಿಸಿದ್ದೆ. ಅದಕ್ಕ ಗುರು ಅಷ್ಟು ತ್ರಾಸು ತಗೊಂಡ, ಎದಿ ನಿಂತು ಹೋದ."

ಅತ್ತು ಅತ್ತು ದೇವಕ್ಕನಲ್ಲಿ ಅಳುವೂ ಮುಗಿದಿತ್ತು.

"ಅವರಿಗೆ ಗೊತ್ತಿತ್ತು," ಎಂದಳು. "ಉಣ್ಣಾಕ ಕುಂತಾಗ ಹೇಳಿದ್ರು. 'ಪ್ಲೇಟು ಸರದೈತಿ, ಅಹಮದಗ ಕಣ್ಣು ಮಂಜಾಗ್ಯಾವು. ಅಂವಾ ಮಸೂತಿಯಿಂದ ಬರೂದ್ರೊಳಗ ನಾ ಒಬ್ಬನs ಬಿಚ್ಚಿ ಕೂಡಸ್ತೇನಿ. ಅಂವಗ ಗೊತ್ತಾಗೂದು ಬ್ಯಾಡ' ಅಂದ್ರು. ತಾಟು ಸರಿಸಿ ಎದ್ದು ಹೋದ್ರು."

ಅಹಮದಸಾಬ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ನನಗ ನಿಮ್ಮ ಮ್ಯಾಲ ಸಿಟ್ಟೈತಿ, ಅಣ್ಣಾ. ಪ್ಲೇಟಿನ ಸಲುವಾಗಿ ಅಲ್ಲ. ದಿನಾ ಅವರ ಜೋಡಿ ಚಹಾ ಕುಡದು ಒಂದ ಮಾತು ಹೇಳಲಿಲ್ಲಲ್ಲ, ಅದಕ್ಕ." ಅವಳು ಗಂಡನ ಹಾರವನ್ನು ಸರಿಪಡಿಸಿದಳು. "ಹೆಗಲು ಕೊಡಾಕ ಹೋಗ್ರಿ. ಮುಂದಿನ ಮಗ್ಗಲಾ ನಿಮ್ಮದs."

ವಿಮಾನ ಎದ್ದಿತು. ಮುಂದಿನ ಬಲಗಡೆಯ ಬಿದಿರು ಅಹಮದಸಾಬನ ಹೆಗಲಿಗೆ ಬಂತು. ಶೆಡ್ಡಿನ ಕತ್ತಲಿನಿಂದ ಹೊರಗೆ ಕಾಲಿಟ್ಟದ್ದೇ ತಡ, ಬಿಸಿಲು ಹಾಲು ಚೆಲ್ಲಿದಂತೆ ಅವನ ಕಣ್ಣು ಮುಚ್ಚಿತು. ಅಲ್ಲೆಲ್ಲೋ ಗಟಾರದ ಮೇಲಿನ ಹಾಸುಗಲ್ಲು ಇರಬೇಕು, ಅದರಾಚೆ ರಸ್ತೆ. ದಿನಾ ಅಂದಾಜಿನ ಮೇಲೆ ದಾಟುತ್ತಿದ್ದ ಜಾಗ. ಅವನು ನಿಂತ. ಹಿಂದಿನವರು ಮುಗ್ಗರಿಸಿದರು, ಭಜನೆ ತಡೆಯಿತು.

"ಶಶಿ," ಎಂದ ಎಲ್ಲರಿಗೂ ಕೇಳುವಂತೆ, "ನನಗ ಕಣ್ಣು ಕಾಣಂಗಿಲ್ಲಪಾ. ಕಲ್ಲು ಎಲ್ಲೈತಿ ಹೇಳು."

ಎಡಗಡೆಯ ಬಿದಿರು ಹೊತ್ತಿದ್ದ ಶಶಿಕಾಂತ ಖಾಲಿ ಇದ್ದ ಕೈಯನ್ನು ಚಾಚಿ, ಎಣ್ಣೆಗಪ್ಪಾದ ಅವನ ಮಣಿಕಟ್ಟನ್ನು ಹಿಡಿದ.

"ಇನ್ನ ಎರಡ ಹೆಜ್ಜಿ ಐತ್ರಿ. ಒಂದು... ಹಾಂ, ಈಗ ಎತ್ರಿ ಕಾಲ."

ಅಹಮದಸಾಬ ಕಾಲೆತ್ತಿದ. ಹೊತ್ತವರೆಲ್ಲ ಅವನ ಜೊತೆಗೇ ಎತ್ತಿದರು. ಮೇಲೆ ಕೂತಿದ್ದ ಗುರುಶಿದ್ದಪ್ಪ ಅವನ ಕಡೆಗೆ ತುಸು ವಾಲಿ, ಮತ್ತೆ ನೆಟ್ಟಗಾದ.